ಹೊಗೆ ಬಣ್ಣದ ಗಾಜು

ನಮ್ಮ ಮನೆಯ ಮುಂದಿನ ಕಿಟಕಿಗೆ ಮೊಳೆ ಹೊಡೆದಿತ್ತು. ಈ ಮಾತನ್ನು ಎಲ್ಲಕ್ಕಿಂತ ಮೊದಲು ಬರೆದಿಡುತ್ತೇನೆ, ಯಾಕೆಂದರೆ ಇದನ್ನು ಬರೆಯಬೇಡ ಎಂದು ನನ್ನ ತಮ್ಮನೇ ಹೇಳಿದ್ದಾನೆ. ಕಳೆದ ರಂಜಾನ್ ಹಬ್ಬಕ್ಕೆ ನಾನು ಮುಂಡಗೋಡದಿಂದ ದಾಂಡೇಲಿಗೆ ಹೋಗಿದ್ದೆ. ಮಧ್ಯಾಹ್ನ ಎಲ್ಲರೂ ಉಂಡು ಶೀರ್ ಖುರ್ಮಾದ ಬಟ್ಟಲು ಹಿಡಿದು ಕೂತಿದ್ದಾಗ ತಮ್ಮ ರಫೀಕನ ಮಗಳು ಸಾನಿಯಾ, ನಾನು ಚಿಕ್ಕವಳಿದ್ದಾಗ ಸಾಕಿದ್ದ ಮೀನಿನ ತೊಟ್ಟಿಯ ಬಗ್ಗೆ ಕೇಳಿದಳು. ತೊಟ್ಟಿಯ ಕಥೆಯನ್ನು ಕಿಟಕಿಯಿಂದಲೇ ಶುರು ಮಾಡಬೇಕಾಗುತ್ತದೆ, ಹಾಗೇ ಮಾಡಿದೆ. ರಫೀಕ ಬಟ್ಟಲು ಕೆಳಗಿಟ್ಟ.

“ಆ ಕಿಡಕಿ ಎಂದ ಮುಚ್ಚಿತ್ತು ಬಾಜಿ? ನಾನೂ ಇದ ಮನ್ಯಾಗ ಬೆಳದೇನಿ. ಕಾಲೇಜಿನ್ಯಾಗ ಕಲಿಸಿ ಕಲಿಸಿ ನಿನಗ ಕಥಿ ಕಟ್ಟೂ ಚಟ ಬಿದ್ದೈತಿ. ಅಬ್ಬಾ ಹೋಗ್ಯಾರ. ಅವರ ಹೆಸರು ಕೆಡಸಬ್ಯಾಡ.”

ಅಬ್ಬಾನ ಹೆಸರು ಕೆಡಿಸುವ ಆಸೆ ನನಗಿಲ್ಲ. ರಫೀಕ ಸುಳ್ಳು ಹೇಳುತ್ತಿದ್ದಾನೆ ಎಂದೂ ನಾನು ಹೇಳುವುದಿಲ್ಲ. ನನ್ನ ಡೈರಿ ಶುರುವಾದದ್ದು ಧಾರವಾಡದ ಹಾಸ್ಟೆಲಿನಲ್ಲಿ. ಅದಕ್ಕೂ ಹಿಂದಿನ ಕಾಲಕ್ಕೆ ನನ್ನ ಬಳಿ ಇರುವುದು ನೆನಪೊಂದೇ, ಮತ್ತು ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಕೇಳುವವರ ಮುಖ ನೋಡಿಕೊಂಡು ಅದು ಬಣ್ಣ ಬದಲಿಸುವುದನ್ನು ನಾನೇ ಎಷ್ಟೋ ಸಲ ಹಿಡಿದಿದ್ದೇನೆ. ಆದರೆ ಆ ತೊಟ್ಟಿಯೊಳಗೆ ಗಿಡಗಳಿದ್ದವು. ಗಿಡಗಳಿಗೆ ಅಬ್ಬಾನ ಹೆಸರು ಗೊತ್ತಿರಲಿಲ್ಲ, ನನ್ನ ಹಟವೂ ಗೊತ್ತಿರಲಿಲ್ಲ. ಅವು ಕಂಡಷ್ಟು ಬೆಳಕಿಗೆ ತಕ್ಕಂತೆ ಬೆಳೆದವು, ಇಲ್ಲವೆ ಬೆಳೆಯಲಿಲ್ಲ. ಅವುಗಳ ಸಾಕ್ಷಿಯ ಮೇಲೆ ಈ ಅಧ್ಯಾಯ ಬರೆಯುತ್ತಿದ್ದೇನೆ.

ನಮ್ಮದು ಒಂದರ ಹಿಂದೆ ಒಂದು ಮೂರು ಕೋಣೆಯ ಮನೆ. ಎರಡೂ ಕಡೆ ಅಕ್ಕಪಕ್ಕದವರ ಗೋಡೆಗೆ ನಮ್ಮ ಗೋಡೆ ಅಂಟಿಕೊಂಡಿತ್ತು. ಬೀದಿಗೆ, ಅಂದರೆ ಪೂರ್ವಕ್ಕೆ, ಮುಂದಿನ ಕೋಣೆಯ ಕಿಟಕಿ. ನಡುವಿನ ಕೋಣೆಗೆ ಯಾವ ಕಿಟಕಿಯೂ ಇಲ್ಲ. ಅಲ್ಲಿ ಹಾಸಿಗೆಗಳು, ಟ್ರಂಕುಗಳು, ಕುರಾನ್ ಇಡುವ ಗೂಡು. ಹಿಂದಿನದು ಅಡುಗೆಮನೆ. ಅದರ ಮಾಡಿನಲ್ಲಿ ಹೆಂಚುಗಳ ನಡುವೆ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಇಳಿಯುವ ಬಿಸಿಲಿನ ಚೌಕ ಬೆಳಿಗ್ಗೆ ಒಲೆಯ ಪಕ್ಕದ ಗೋಡೆಯ ಮೇಲಿದ್ದು, ಮಿಲ್ಲಿನ ಮಧ್ಯಾಹ್ನದ ಭೋಂಗಾ ಕೂಗುವ ಹೊತ್ತಿಗೆ ನೆಲದ ನಡುವೆ ಬರುತ್ತಿತ್ತು. ಅಮ್ಮಿ ಮತ್ತು ನನ್ನ ಅಕ್ಕ ಶಾಹೀನ ಆಪಾ ಆ ಚೌಕದ ಜೊತೆಗೇ ಸರಿಯುತ್ತ ಅಕ್ಕಿ ಆರಿಸುತ್ತಿದ್ದರು, ಮೀನು ಸ್ವಚ್ಛ ಮಾಡುತ್ತಿದ್ದರು. ಅಡುಗೆಮನೆಯಲ್ಲಿ ಹೆಂಗಸರು ಬೆಕ್ಕಿನ ಹಾಗೆ ಬಿಸಿಲು ಹುಡುಕಿಕೊಂಡು ಕೂರುವುದು ಆಗ ನನಗೆ ವಿಚಿತ್ರ ಅನಿಸಿರಲಿಲ್ಲ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಉರ್ದು. ದಾದಿ, ಅಂದರೆ ಅಬ್ಬಾನ ತಾಯಿ, ಹಳಿಯಾಳದ ಕಡೆಯ ಹಳ್ಳಿಯವಳು. ಸಿಟ್ಟು ಬಂದರೆ ಕನ್ನಡಕ್ಕೆ ಇಳಿಯುತ್ತಿದ್ದಳು. ಅವಳಿಗೆ ಉತ್ತರ ಕೊಡಬೇಕಾದವರೂ ಇಳಿಯಬೇಕಾಗುತ್ತಿತ್ತು. ಹೀಗಾಗಿ ನಮ್ಮ ಮನೆಯ ಜಗಳಗಳೆಲ್ಲ ನನಗೆ ಕನ್ನಡದಲ್ಲೇ ನೆನಪಿವೆ.

ಎದುರಿನ ಖಾಲಿ ಜಾಗದಲ್ಲಿ ಜೀಪುಗಳು ನಿಲ್ಲತೊಡಗಿದ್ದು ನನಗೆ ತಿಳಿವು ಬಂದ ಮೇಲೆಯೇ. ಕಾಳಿಯಲ್ಲಿ ರಬ್ಬರಿನ ದೋಣಿ ಹತ್ತಲು ಬರುವ ಪ್ರವಾಸಿಗಳನ್ನು ಕರೆದೊಯ್ಯುವ ಜೀಪುಗಳು ಅವು. ಗಿರಾಕಿ ಬರುವವರೆಗೆ ಡ್ರೈವರುಗಳು ಮೋಟುಗೋಡೆಯ ಮೇಲೆ ಕೂತಿರುತ್ತಿದ್ದರು. ಅಲ್ಲಿ ಕೂತರೆ ಕಣ್ಣು ನೇರ ನಮ್ಮ ಮುಂದಿನ ಕೋಣೆಗೇ ಬೀಳುತ್ತಿತ್ತು. ಪಕ್ಕದ ಮನೆಯ ಸಾವಂತಬಾಯಿ ತನ್ನ ಕಿಟಕಿಗೆ ದಪ್ಪ ಪರದೆ ಹಾಕಿದಳು. ದಾದಿಗೆ ಪರದೆಯ ಮೇಲೆ ವಿಶ್ವಾಸವಿರಲಿಲ್ಲ, ಗಾಳಿಗೆ ಏಳುತ್ತದೆ. ಕಿಟಕಿಯ ಕಟ್ಟಿಗೆಯ ಬಾಗಿಲು ಮುಚ್ಚೋಣವೆಂದರೆ ಚಿಲಕ ಮುರಿದಿತ್ತು. ಒಂದು ದಿನ ಬಾಗಿಲು ಮುಚ್ಚಿ ಮೊಳೆ ಹೊಡೆದರು. ದಾದಿ ಮೊಳೆ ಹಿಡಿದಿದ್ದಳು, ಅಬ್ಬಾ ಸುತ್ತಿಗೆ ಬೀಸುತ್ತಿದ್ದ. ನನಗೆ ನೆನಪಿರುವುದು ಹೀಗೆ. ಯಾರೂ ದೇವರ ಹೆಸರು ತೆಗೆಯಲಿಲ್ಲ, ದೊಡ್ಡ ಮಾತೂ ಆಗಲಿಲ್ಲ. ಹಗಲೂ ಟ್ಯೂಬ್‌ಲೈಟ್ ಉರಿಯತೊಡಗಿತು. ಕೆಲವೇ ದಿನಗಳಲ್ಲಿ ಅದು ಮೊದಲಿನಿಂದಲೂ ಹಾಗೇ ಇತ್ತು ಎನ್ನುವಂತಾಯಿತು.

ತೊಟ್ಟಿ ಬಂದದ್ದು ಇದಾದ ಮೇಲೆ. ಹಳಿಯಾಳ ರಸ್ತೆಯಲ್ಲಿ ಅಬ್ಬಾನ ಗ್ಯಾರೇಜಿತ್ತು. ಅಲ್ಲಿ ಗುಜರಿಗೆ ಬಿದ್ದ ವ್ಯಾನೊಂದರ ಪಕ್ಕದ ಗಾಜುಗಳನ್ನು ಅಬ್ಬಾ ಬಿಚ್ಚಿಟ್ಟಿದ್ದ. ಗಾಡಿಯ ಗಾಜನ್ನು ಕತ್ತರಿಸಲು ಬರುವುದಿಲ್ಲ, ಕತ್ತರಿಸಹೋದರೆ ಪುಡಿಯಾಗುತ್ತದೆ. ಹಾಗಾಗಿ ಗಾಜು ಎಷ್ಟು ಉದ್ದವೋ ತೊಟ್ಟಿ ಅಷ್ಟೇ ಉದ್ದ. ಪಕ್ಕಗಳಿಗೆ ಬೇರೆ ಗಾಜು ಹೊಂದಿಸಿ, ಗಾಡಿಯ ಮುಂಗಾಜು ಕೂರಿಸುವ ಅಂಟಿನಿಂದಲೇ ಎಲ್ಲವನ್ನೂ ಸೇರಿಸಿದ. ಉದ್ದದ ಎರಡು ಗಾಜುಗಳಲ್ಲಿ ಒಂದು ತಿಳಿ, ಇನ್ನೊಂದು ಹೊಗೆ ಬಣ್ಣದ್ದು. ತಿಳಿ ಗಾಜು ನಾವು ನೋಡುವ ಕಡೆಗೆ, ಹೊಗೆ ಬಣ್ಣದ್ದು ಕಿಟಕಿಯ ಕಡೆಗೆ. ಗಾಡಿಯವರ ಲೆಕ್ಕದಲ್ಲಿ ಇದೇ ಸರಿ: ಮನುಷ್ಯರು ನೋಡುವ ಗಾಜು ತಿಳಿಯಾಗಿರಬೇಕು, ಬಿಸಿಲು ಬೀಳುವ ಗಾಜು ಕಪ್ಪಗಿರಬೇಕು. ಬಿಸಿಲನ್ನು ಹೊರಗಿಡಲೆಂದೇ ತಯಾರಾದ ಗಾಜನ್ನು ಅಬ್ಬಾ ಮುಚ್ಚಿದ ಕಿಟಕಿಗೆ ಎದುರಾಗಿ ನಿಲ್ಲಿಸಿ, ಲಾರಿ ಗುದ್ದಿದರೂ ಒಡೆಯುವುದಿಲ್ಲ ಎಂದು ಬೆರಳಿನಿಂದ ಬಡಿದು ತೋರಿಸಿದ. ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಗಪ್ಪಿ ಮೀನು ತಂದ. ಜೊತೆಗೆ ಪ್ಲಾಸ್ಟಿಕ್ಕಿನ ಗಿಡವನ್ನೂ ತಂದಿದ್ದ, ಗಿಳಿಹಸಿರಿನದು. ನನಗೆ ಅದು ಬೇಡವಾಗಿತ್ತು. ಯಾಕೆ ಬೇಡವಾಗಿತ್ತೆಂದು ಈಗ ಹೇಳಲಾರೆ. ಹೇಳಿದರೆ ಇವತ್ತಿನ ಬುದ್ಧಿಯನ್ನು ಅವತ್ತಿನ ಹುಡುಗಿಯ ಬಾಯಿಗೆ ತುರುಕಿದಂತಾಗುತ್ತದೆ.

ಕೋಗಿಲಬನದ ಹತ್ತಿರ ಕೆಟ್ಟುನಿಂತ ಜೀಪು ರಿಪೇರಿಗೆ ಅಬ್ಬಾ ಹೊರಟಾಗ ನಾನೂ ಜೊತೆಗೆ ಹೋದೆ. ಹೊಳೆಯ ದಂಡೆಯಲ್ಲಿ ಮೊಣಕಾಲಷ್ಟು ನೀರಿನಲ್ಲಿ, ನೆತ್ತಿಯ ಮೇಲಿನ ಬಿಸಿಲು ನೇರ ಬೀಳುವ ಕಡೆ, ದಂಟಿನ ಸುತ್ತ ಸಣ್ಣ ಎಲೆ ಒತ್ತೊತ್ತಾಗಿ ಜೋಡಿಸಿಕೊಂಡ ಗಿಡ ಬೆಳೆದಿತ್ತು. ಒಂದು ಹಿಡಿ ಕಿತ್ತು ಡಬ್ಬಿಯಲ್ಲಿ ತಂದು ಮರಳಿನಲ್ಲಿ ನೆಟ್ಟೆ. ಮೊದಲು ಅದು ಭಾರೀ ಬೆಳೆಯಿತು. ಎತ್ತರಕ್ಕೆ, ಇನ್ನೂ ಎತ್ತರಕ್ಕೆ. ಮನೆಯವರೆಲ್ಲ ಹೊಗಳಿದರು. ಆದರೆ ಒಂದು ಸುತ್ತು ಎಲೆಗೂ ಮುಂದಿನ ಸುತ್ತಿಗೂ ನಡುವೆ ಬರೀ ದಂಟು, ನೂಲಿನಷ್ಟು ತೆಳ್ಳಗೆ, ಬಿಳಿಚಿಕೊಂಡದ್ದು. ಈಗ ಗೊತ್ತಿದೆ, ಅದು ಬೆಳವಣಿಗೆಯಲ್ಲ, ಬೆಳಕು ಎಲ್ಲಿದೆ ಎಂದು ಹುಡುಕಿಕೊಂಡು ಓಡುವುದು. ಬುಡದ ಎಲೆಗಳು ಕೊಳೆತವು. ಆಮೇಲೆ ದಂಟೂ ಕರಗಿತು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಮಾನ. ನಲ್ಲಿ ನೀರಿನ ಔಷಧಿ ಎಂದಳು ಅಮ್ಮಿ. ಸಾವಂತಬಾಯಿಯ ದೃಷ್ಟಿ ಎಂದಳು ದಾದಿ. ಅಬ್ಬಾ ಗ್ಯಾರೇಜಿನ ದೊಡ್ಡ ಬಲ್ಬು ತಂದು ತೊಟ್ಟಿಯ ಮೇಲೆ ತೂಗುಹಾಕಿದ. ನೀರು ಸ್ನಾನಕ್ಕೆ ಕಾಯಿಸಿದ ಹಾಗಾಗಿ ಮೀನುಗಳು ಮೇಲೆ ಬಂದು ಬಾಯಿ ತೆರೆದವು, ಬಲ್ಬು ಗ್ಯಾರೇಜಿಗೆ ವಾಪಸು ಹೋಯಿತು. ಬೆಳಕು ಕಡಿಮೆ ಎಂದು ನಾನು ಅಂದರೆ ಎಲ್ಲರೂ ನಕ್ಕರು. ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು.

“ನನ್ನ ಕಣ್ಣಿಗೆ ಪೊರಿ ಬಂದೈತಿ, ನನಗ ಇಲ್ಲಿ ಕುಂತ್ರ ಸೂಜಿ ಕಾಣ್ತೈತಿ. ನಿನ್ನ ಗಿಡಕ್ಕೇನ ನನಗಿಂತ ವಯಸ್ಸಾಗೈತೇನು?”

ಇದು ದಾದಿಯ ಮಾತು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಹಿತ್ತಲಿನಿಂದ ಒಳಗೆ ಬಂದಾಗ ಕ್ಷಣಹೊತ್ತು ಮನೆ ಕಪ್ಪಗೆ ಕಾಣುವುದು, ಆಮೇಲೆ ಮೆಲ್ಲಗೆ ಟ್ರಂಕು, ಕುರ್ಚಿ, ದಾದಿಯ ಮುಖ ಎಲ್ಲ ಎದ್ದು ಬರುವುದು ನಮಗೆ ದಿನನಿತ್ಯದ ಮಾತಾಗಿತ್ತು. ಮನೆ ಬೆಳ್ಳಗಾಗುತ್ತಿರಲಿಲ್ಲ, ಕಣ್ಣು ಒಗ್ಗಿಕೊಳ್ಳುತ್ತಿತ್ತು. ಬೆಳಕನ್ನು ಅಳೆಯಲು ಕಣ್ಣಿನಷ್ಟು ಕೆಟ್ಟ ಸಾಧನ ಬೇರೆ ಇಲ್ಲ. ಅದು ಅಳೆಯುವುದಿಲ್ಲ, ರಾಜಿಯಾಗುತ್ತದೆ. ನಾನು ಬಿಳಿಯ ಪಿಂಗಾಣಿ ತಟ್ಟೆಯೊಂದನ್ನು ತೊಟ್ಟಿಯ ತಳಕ್ಕೆ ಇಳಿಸಿ, ನೀರಿನ ಮೇಲೆ ಕೈ ಚಾಚಿ ನೋಡಿದೆ. ತಟ್ಟೆಯ ಮೇಲೆ ಕೈಯ ನೆರಳೇ ಬೀಳಲಿಲ್ಲ. ಅದೇ ತಟ್ಟೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿ ಹಿತ್ತಲಿಗೆ ಒಯ್ದರೆ ಐದು ಬೆರಳೂ ಕತ್ತರಿಸಿಟ್ಟಂತೆ ಕಂಡವು. ಗಾಜಿನ ಹೆಂಚಿನ ಕೆಳಗೂ ಕಂಡವು, ಆದರೆ ಚೌಕ ಸರಿದುಹೋಗುವವರೆಗೆ ಮಾತ್ರ. ಈ ಉಪಾಯ ನನಗೇ ಹೊಳೆಯಿತೋ, ಬೇರೆ ಯಾರಾದರೂ ಹೇಳಿದರೋ, ಖಚಿತವಿಲ್ಲ. ಇವತ್ತು ಬೆಳಕು ಅಳೆಯುವ ಆಪ್ ನನ್ನ ಮೊಬೈಲಿನಲ್ಲಿದೆ. ಮುಂಡಗೋಡದ ನನ್ನ ಬಾಡಿಗೆಮನೆಯ ಪುಟ್ಟ ತೊಟ್ಟಿಯ ಮೇಲೆ ಈಗಲೂ ಕೈಯನ್ನೇ ಚಾಚುತ್ತೇನೆ.

ಕಿಟಕಿ ತೆಗೆಯಿರಿ ಎಂದು ಕೇಳಿದೆ. ಅದರ ಬದಲು ಒಂದು ಗಿಡ ಬಂತು. ಕತ್ತಲಲ್ಲೇ ಬದುಕುವ ಗಿಡಗಳೂ ಇರುತ್ತವಲ್ಲ, ಅಂಥದ್ದನ್ನು ತಂದುಕೊಡೋಣ ಎಂದು ಅಬ್ಬಾ ಜೋಯಿಡಾ ಕಡೆಗೆ ಹೋದಾಗ, ದಟ್ಟ ಮರಗಳಡಿಯ ಹಳ್ಳದಿಂದ ಅಗಲ ಎಲೆಯ ಕಂದುಹಸಿರು ಗಿಡವೊಂದನ್ನು ಬೇರುಸಮೇತ ತಂದ. ಅಬ್ಬಾನ ಈ ಮಮತೆಯನ್ನು ನಾನು ಮರೆತಿಲ್ಲ. ಬೇರೆಯವರ ಜೀಪು ನಿಲ್ಲಿಸಿ, ಪ್ಯಾಂಟು ಮಡಚಿ ಹಳ್ಳಕ್ಕಿಳಿದಿದ್ದ. ಆ ಗಿಡ ಸಾಯಲಿಲ್ಲ. ವಾರಗಳು ಕಳೆದವು, ಮಳೆಗಾಲ ಬಂದು ಹೋಯಿತು, ಎಲೆಗಳು ಹಾಗೇ ಇದ್ದವು. ಮನೆಗೆ ಬಂದವರಿಗೆಲ್ಲ ದಾದಿ ಅದನ್ನು ತೋರಿಸಿ, ಜಾಣ ಗಿಡ, ಮನೆಗೆ ಹೊಂದಿಕೊಂಡಿದೆ ಎನ್ನುತ್ತಿದ್ದಳು. ನಾನು ನೆಟ್ಟ ದಿನವೇ ಅದರ ಎಲ್ಲಕ್ಕಿಂತ ಎಳೆಯ ಎಲೆಯ ಬುಡಕ್ಕೆ ಆಪಾನ ಹೊಲಿಗೆ ಡಬ್ಬಿಯ ಕೆಂಪು ದಾರ ಕಟ್ಟಿದ್ದೆ. ಮಳೆ ನಿಂತ ಮೇಲೆ ನೋಡಿದರೂ ಎಳೆಯ ಎಲೆ ಅದೇ ಆಗಿತ್ತು. ಒಂದೇ ಒಂದು ಹೊಸ ಚಿಗುರಿಲ್ಲ. ಇದನ್ನು ದಾದಿಗೆ ತೋರಿಸಿದಾಗ, ಬದುಕಿದೆಯಲ್ಲ, ಮತ್ತೇನು ಬೇಕು ಎಂದಳು. ಆಪಾ ಪಕ್ಕದಲ್ಲಿದ್ದಳು. ಆಗ ಅವಳಿಗೆ ಗಂಡು ನೋಡುತ್ತಿದ್ದರು, ಕಾಲೇಜು ಬಿಡಿಸಿ ಆಗಿತ್ತು. ಅವಳು ನೀರಿನಲ್ಲಿ ಕೈ ಹಾಕಿ ದಾರವನ್ನು ಮುಟ್ಟಿ ನೋಡಿ, ಕೈ ಒರೆಸಿಕೊಂಡು ಹೋದಳು.

ಸಾಯದೆ ಉಳಿದ ಗಿಡವನ್ನು ತೋರಿಸಿ ಬೆಳಕು ಸಾಕು ಎನ್ನುವವರ ಜೊತೆ ನನಗೆ ಆವತ್ತು ಶುರುವಾದ ಜಗಳ ಇನ್ನೂ ಮುಗಿದಿಲ್ಲ.

ಮುಂದಿನ ರವಿವಾರ, ಅಬ್ಬಾ ಗ್ಯಾರೇಜಿಗೆ ಹೋದ ಮೇಲೆ, ತೊಟ್ಟಿಯ ನೀರನ್ನು ಅರ್ಧಕ್ಕಿಳಿಸಿ, ಗೋಣಿಚೀಲದ ಮೇಲಿಟ್ಟು ಎಳೆಯುತ್ತ ಹೊಸ್ತಿಲು ದಾಟಿಸಿ ಮುಂದಿನ ಕಟ್ಟೆಗೆ ತಂದೆ. ನೀರು ತುಂಬಿ, ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತೆ. ಎದುರಿನ ಗೋಡೆಯ ಮೇಲಿನ ಡ್ರೈವರುಗಳು ಇತ್ತ ತಿರುಗಿದರು. ದಾದಿ ಬಾಗಿಲಿಗೆ ಬಂದಳು.

“ಏ ಜುಬೇದಾ, ಮಂದಿ ಮುಂದ ಇದೇನ ಹಚ್ಚೀ? ಎದ್ದು ಒಳಗ ನಡಿ.”

“ಕಿಡಕಿ ತಗೀರಿ, ಬರ್ತೇನಿ.”

“ತೊಟ್ಟಿ ಇಲ್ಲೇ ಇರ್ಲಿ, ನೀ ಬಾ.”

“ಕಾಗಿ ಮೀನ ಎತ್ಕೊಂಡ ಹೋಗ್ತಾವ ದಾದಿ. ಯಾರರ ಕಾಯಬೇಕಲ್ಲ.”

“ರಫೀಕನ ಕುಂದ್ರಸ್ತೇನಿ.”

“ಅವ ತೊಟ್ಟ್ಯಾಗ ಬಿಸ್ಕೀಟ್ ಹಾಕ್ತಾನ.”

ಡ್ರೈವರುಗಳಲ್ಲಿ ಹಿರಿಯ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಫ್ರಾನ್ಸಿಸಣ್ಣ. ಅಬ್ಬಾನ ಗ್ಯಾರೇಜಿನ ಹಳೆಯ ಗಿರಾಕಿ, ದಾದಿಯ ಊರಿನ ಪಕ್ಕದವನು. ದಾದಿಗೆ ಸಮಾಧಾನ ಹೇಳಲು ಅವನು ರಸ್ತೆಯಾಚೆಯಿಂದಲೇ ಬಾಯಿ ಹಾಕಿದ.

“ಅಜ್ಜಿ, ನಾವು ಬರೇ ಮೀನ ನೋಡಾಕತ್ತೇವ್ರಿ. ನಿಮ್ಮ ಮನಿ ನೋಡಾಕ ನಮಗ ಪುರುಸೊತ್ತ ಎಲ್ಲೈತಿ?”

“ಮೀನ ನೋಡೂ ವಯಸ್ಸೇನೋ ನಿಂದು? ನಿನ್ನ ಜೀಪಿನ ಹಿಂದಿನ ಗಾಲಿ ನೋಡು, ಮುದಕೀಗತೆ ಕುಂತೈತಿ.”

ಉಳಿದ ಡ್ರೈವರುಗಳು ನಕ್ಕರು. ದಾದಿ ನನ್ನ ರಟ್ಟೆಗೆ ಕೈ ಹಾಕುತ್ತಿದ್ದಳೇನೋ, ಅಷ್ಟರಲ್ಲಿ ಅವಳ ಪಕ್ಕದಿಂದ ಶಾಹೀನ ಆಪಾ ಹೊರಗೆ ಬಂದಳು. ಅಕ್ಕಿ ತುಂಬಿದ ಮೊರ ಕೈಯಲ್ಲಿತ್ತು. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, ತೊಟ್ಟಿಯ ಆ ಬದಿಗೆ ಕಟ್ಟೆಯ ಮೇಲೆ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು.

“ಒಳಗ ಕಲ್ಲು ಕಾಣವಲ್ವು ದಾದಿ.”

ಇಷ್ಟೇ ಹೇಳಿದಳು. ನಾನು ಕೂತಿದ್ದರೆ ಸಣ್ಣ ಹುಡುಗಿಯ ಹಟ. ಅವಳು ಕೂತರೆ ಬೀದಿಯಲ್ಲಿ ಮಾತಾಗುತ್ತದೆ, ಆ ಮಾತು ಹುಬ್ಬಳ್ಳಿಯಲ್ಲಿ ನೋಡುತ್ತಿದ್ದ ಗಂಡಿನ ಮನೆಯವರೆಗೆ ಹೋಗುತ್ತದೆ. ಇದು ಅವಳಿಗೆ ಗೊತ್ತಿತ್ತು, ದಾದಿಗೂ ಗೊತ್ತಿತ್ತು. ಆಪಾ ಒಂದೊಂದೇ ಕಲ್ಲು ಹೆಕ್ಕಿ ರಸ್ತೆಗೆ ಎಸೆಯುತ್ತಿದ್ದಳು. ಆ ಸಣ್ಣ ಸದ್ದು ನನಗೆ ಈಗಲೂ ಕೇಳುತ್ತದೆ, ಅಥವಾ ಕೇಳುತ್ತದೆ ಎಂದು ನಾನು ನಂಬಿದ್ದೇನೆ. ಅಬ್ಬಾ ಊಟಕ್ಕೆ ಬಂದಾಗ ಮೂವರೂ ಹಾಗೇ ಇದ್ದೆವು: ಕಟ್ಟೆಯ ಮೇಲೆ ನಾವಿಬ್ಬರು, ಬಾಗಿಲಲ್ಲಿ ದಾದಿ. ಅಬ್ಬಾ ಯಾರನ್ನೂ ಬೈಯಲಿಲ್ಲ. ತಾಯಿಯ ಮುಖ ನೋಡಿದ. ದಾದಿಯೇ ಹೇಳಿದಳು.

“ತಗಿ ಆ ಮೊಳಿ. ಇವೆರಡೂ ಮಂದಿ ಮುಂದ ಕುಂದ್ರೂದಕ್ಕಿಂತ ಕಿಡಕಿ ತೆರದಿರೂದು ಪಾಡ.”

ಮೊಳೆಗಳು ಕೀಚು ಸದ್ದು ಮಾಡುತ್ತ ಬಂದವು. ಈ ಸಲ ತೊಟ್ಟಿಯನ್ನು ನಾನೇ ತಿರುಗಿಸಿ ಇಟ್ಟೆ. ತಿಳಿ ಗಾಜು ಬೀದಿಗೆ, ಹೊಗೆ ಬಣ್ಣದ್ದು ನಮ್ಮ ಕಡೆಗೆ. ಗಿಡಕ್ಕೆ ಬೇಕಾದದ್ದು ಸಿಕ್ಕಿತು. ಮೀನು ಚೆನ್ನಾಗಿ ಕಾಣುತ್ತಿದ್ದದ್ದು ಮಾತ್ರ ಡ್ರೈವರುಗಳಿಗೆ, ನಮಗೆ ಹೊಗೆಯಲ್ಲಿ ಓಡಾಡಿದಂತೆ. ಗೆದ್ದೆ ಎಂದುಕೊಂಡೆ. ಅಷ್ಟರಲ್ಲೇ ಬೆಳಗಿನ ಬಿಸಿಲು ನೇರ ಬಿದ್ದು ಗಾಜಿನ ತುಂಬ ಪಾಚಿ ಕಟ್ಟಿ, ನೀರು ಪಾಲಕದ ಸಾರಿನ ಹಾಗಾಯಿತು. ದಾದಿ ತೊಟ್ಟಿಯ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಳು. ಬೆಳಕು ಹೆಚ್ಚಾದರೂ ತಪ್ಪೇ ಎಂದು ಒಪ್ಪಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಆಮೇಲೆ ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ಆಪಾನ ಹಳೆಯ ಬಿಳಿ ದುಪಟ್ಟಾವನ್ನು ಗಾಜಿನ ಮೇಲೆ ಇಳಿಬಿಡತೊಡಗಿದೆ, ಬಿಸಿಲು ಕಿಟಕಿಯಿಂದ ಸರಿದ ಮೇಲೆ ತೆಗೆಯುತ್ತಿದ್ದೆ. ತಳದ ತಟ್ಟೆಯ ಮೇಲೆ ಬೆರಳುಗಳು ಕಾಣಬೇಕು, ಆದರೆ ಅಂಚು ಕತ್ತರಿಸಿದಂತಿರಬಾರದು, ತುಸು ಮಸುಕಾಗಿರಬೇಕು. ನಮ್ಮ ತೊಟ್ಟಿಗೆ ಸರಿಹೊಂದಿದ ಅಳತೆ ಅದು. ನೀರು ತಿಳಿಯಾಯಿತು. ಕೋಗಿಲಬನದಿಂದ ಮತ್ತೆ ತಂದ ದಂಟಿನ ಗಿಡ ಈ ಸಲ ಗಿಡ್ಡಗೆ, ಒತ್ತೊತ್ತಾಗಿ ಎಲೆ ಬಿಟ್ಟಿತು. ಜೋಯಿಡಾದ ಗಿಡದಲ್ಲಿ ಕೆಂಪು ದಾರದ ಎಲೆಯ ಒಳಗಿನಿಂದ ಸುರುಳಿ ಸುತ್ತಿದ ಹೊಸ ಎಲೆಯೊಂದು ಹೊರಟಿತು. ಮೊದಲು ನೋಡಿದವಳು ಆಪಾ.

ಚಳಿಗಾಲ ಮುಗಿಯುವಷ್ಟರಲ್ಲಿ ದಂಟಿನ ಗಿಡ ತೊಟ್ಟಿ ತುಂಬಿಬಿಟ್ಟಿತು. ಬೀದಿಯಿಂದ ನೋಡಿದರೆ ಒಳಗಿನದೇನೂ ಕಾಣದಷ್ಟು ದಟ್ಟ ಹಸಿರು. ದಾದಿಗೆ ಬಹಳ ಸಂತೋಷವಾಯಿತು. ಗಾಳಿಗೆ ಏಳದ ಪರದೆ ಅದು. ಇದನ್ನು ಯೋಚಿಸಿದವಳು ತಾನೇ ಎಂದು ಸಾವಂತಬಾಯಿಗೆ ಹೇಳಿದಳು. ಪ್ರತಿ ಜುಮ್ಮಾದ ದಿನ, ಅಬ್ಬಾ ನಮಾಜಿಗೆ ಹೋದಾಗ, ನಾನು ಕತ್ತರಿ ಹಿಡಿದು ಅದರ ನಡುವೆ ಅಂಗೈಯಗಲದ ದಾರಿ ಕತ್ತರಿಸುತ್ತಿದ್ದೆ, ಬೆಳಕು ಕೋಣೆಗೂ ಬರಲೆಂದು. ಪ್ರತಿ ಜುಮ್ಮಾದ ದಿನ ದಾದಿ ಅದಕ್ಕೆ ಕನ್ನಡದಲ್ಲಿ ಬೈಯುತ್ತಿದ್ದಳು. ಮುಂದಿನ ವಾರದೊಳಗೆ ಗಿಡ ದಾರಿಯನ್ನು ಮುಚ್ಚುತ್ತಿತ್ತು, ನಾನು ಮತ್ತೆ ಕತ್ತರಿಸುತ್ತಿದ್ದೆ. ಧಾರವಾಡಕ್ಕೆ ಓದಲು ಹೋಗುವ ತನಕ ಇದು ನಡೆಯಿತು. ಆಪಾ ನನಗಿಂತ ಮೊದಲೇ ಮದುವೆಯಾಗಿ ಹುಬ್ಬಳ್ಳಿಗೆ ಹೋಗಿದ್ದಳು.

ಬಿಸ್ಕೀಟು ಹಾಕುವ ವಯಸ್ಸಿನ ರಫೀಕನಿಗೆ ನೆನಪಿರುವುದು ಈ ಹಸಿರು. ತೆರೆದ ಕಿಟಕಿ, ಅದರ ತುಂಬ ಗಿಡ, ಓಡಾಡುವ ಮೀನು. ಅವನ ನೆನಪು ಅಲ್ಲಿಂದ ಶುರುವಾಗುತ್ತದೆ, ಅವನ ಮಟ್ಟಿಗೆ ಅದು ನಿಜ. ಆದರೆ ಅವನ ನೆನಪಿಗೆ ಜಾಗ ಬಿಡಲು ನನ್ನದನ್ನು ನಾನು ಅಳಿಸುವುದಿಲ್ಲ.

ಹಬ್ಬದ ದಿನ ಅವನು ಹಾಗೆ ಅಂದ ಮೇಲೆ ನಾನು ಬಟ್ಟಲುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಮ್ಮಿ ಹಿಂದಿನಿಂದ ಬಂದು ನಲ್ಲಿ ತಿರುಗಿಸಿದಳು. ಈ ಕಥೆಯಲ್ಲಿ ಅಮ್ಮಿ ಇದ್ದೂ ಇಲ್ಲದಂತಿದ್ದಾಳಲ್ಲ ಎಂದು ಓದಿದವರಿಗೆ ಅನಿಸಿರಬಹುದು, ನನಗೆ ಅನಿಸಿರಲಿಲ್ಲ. ಅವಳು ಕನ್ನಡದಲ್ಲಿ ಮಾತಾಡಿದಳು. ದಾದಿ ಹೋದ ಮೇಲೆ ಆ ಭಾಷೆ ಅವಳ ಪಾಲಿಗೆ ಬಂದಿದೆ.

“ಹೊಡದಿತ್ತು. ಮೊಳಿ ಹಿಡದಾಕಿ ನಾನ.”

ನಾನು ಬಟ್ಟಲು ತೊಳೆಯುವುದನ್ನು ನಿಲ್ಲಿಸಿದೆ. ದಾದಿಯಲ್ಲವೇ ಎಂದು ಕೇಳಿದೆ.

“ನಿಮ್ಮ ದಾದಿ ಬರೇ ಬಾಯಿ ಮಾಡಿದ್ಲು. ಅಕಿ ಕಣ್ಣಿಗೆ ಮೊಳಿ ಎಲ್ಲಿ ಕಾಣ್ತಿತ್ತು? ನನಗ ಆ ಕಿಡಕಿ ಬ್ಯಾಡಾಗಿತ್ತು. ಬೆಳದ ಮಗಳು ಮನ್ಯಾಗಿದ್ಲು, ಅಂಜಿಕಿ ಬಂದಿತ್ತು. ಬರಿಯಾಕ ಹತ್ತೀ ಅಂದ್ರ ಇದನ್ನೂ ಬರಿ.”

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. ನೀವು ಯಾರು ಕೇಳಿದ್ದಿರಿ ಎಂದಳು, ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ತೊಳೆದಳು.

ಬರೆದಿದ್ದೇನೆ. ಮೊಳೆ ಹಿಡಿದ ಕೈ ಬದಲಾಯಿತು, ಮೊಳೆ ಬದಲಾಗಲಿಲ್ಲ.

ತೊಳೆದ ಪಿಂಗಾಣಿ ತಟ್ಟೆಯೊಂದನ್ನು ಒರೆಸಿ ಸಾನಿಯಾಳನ್ನು ಮುಂದಿನ ಕೋಣೆಗೆ ಕರೆದೊಯ್ದೆ. ತೊಟ್ಟಿ ಈಗಿಲ್ಲ. ಕಟ್ಟಿಗೆಯ ಕಿಟಕಿಯನ್ನು ಕಿತ್ತು ರಫೀಕ ಅಲ್ಯೂಮಿನಿಯಂ ಚೌಕಟ್ಟು ಹಾಕಿಸಿದ್ದಾನೆ, ಸರಿಸುವ ಗಾಜಿನದು. ಗಾಜು ಹೊಗೆ ಬಣ್ಣದ್ದು. ಒಳಗಿನವರಿಗೆ ಹೊರಗಿನದು ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಟ್ಯೂಬ್‌ಲೈಟ್ ಆರಿಸಿ, ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಕೈ ಚಾಚು ಎಂದೆ. ಅವಳು ಚಾಚಿದಳು. ನೆರಳಿಲ್ಲ. ಗಾಜನ್ನು ಪೂರ್ತಿ ಸರಿಸಿದೆ. ಬೀದಿಯ ಸದ್ದು, ಜೀಪುಗಳ ಹೊಗೆ, ಮಧ್ಯಾಹ್ನದ ಬೆಳಕು ಎಲ್ಲ ಒಟ್ಟಿಗೆ ಒಳಗೆ ಬಂದವು. ತಟ್ಟೆಯ ಮೇಲೆ ಮಸುಕಾಗಿ, ಒಂದೊಂದಾಗಿ, ಅವಳ ಬೆರಳುಗಳು ಮೂಡಿದವು.

ರಫೀಕ ಒಳಗಿನಿಂದ ಕೂಗಿದ.

“ಬಾಜಿ, ಧೂಳ ಬರ್ತೈತಿ. ಕಿಡಕಿ ಮುಚ್ಚು.”

ಸಾನಿಯಾ ನನ್ನ ಮುಖ ನೋಡಿದಳು, ತಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ನಾನು ಮುಚ್ಚಲಿಲ್ಲ.